ಅಕ್ಕನ ಬಲಗೈ ಕೆಲಸಕ್ಕೆ ಮರಳಿದ್ದು

ರಾಣೆಬೆನ್ನೂರಿನ ಒಂದು ಬೀಜದ ಕಾರ್ಖಾನೆಯಲ್ಲಿ ನಾನು ಮೇಲ್ವಿಚಾರಕಿ. ನಮ್ಮಲ್ಲಿಗೆ ಬರುವ ಗೋವಿನಜೋಳದ ಬೀಜವನ್ನು ಒಣಗಿಸಿ, ಜರಡಿ ಹಿಡಿದು, ಔಷಧ ಹಚ್ಚಿ ಚೀಲಕ್ಕೆ ತುಂಬುತ್ತೇವೆ. ಆ ಚೀಲಗಳ ಬಾಯಿ ಹೊಲಿಯುವ ಯಂತ್ರದ ಮುಂದೆ ಎಂಟು ವರ್ಷ ನಿಂತು ಕೆಲಸ ಮಾಡಿದವರು ದೇವರಗುಡ್ಡದ ಒಬ್ಬ ಹೆಣ್ಣುಮಗಳು. ದಿನಾ ಬೆಳಿಗ್ಗೆ ಬಸ್ಸಿಗೆ ಬಂದು, ತಲೆಗೆ ಬಟ್ಟೆ ಸುತ್ತಿ, ಯಾರೊಂದಿಗೂ ಹೆಚ್ಚು ಮಾತಾಡದೆ ಕೆಲಸಕ್ಕೆ ನಿಲ್ಲುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ.

ಚೀಲ ಸಾಗಿಸುವ ಬೆಲ್ಟನ್ನು ತಿರುಗಿಸುವುದು ಒಂದು ಚೈನು. ಅದರ ಮೇಲೆ ಯಾವಾಗಲೂ ಕಬ್ಬಿಣದ ಜಾಲರಿ ಇರಬೇಕು. ಆ ದಿನ ಬೆಳಿಗ್ಗೆ ಜಾಲರಿ ಗೋಡೆಗೆ ಒರಗಿತ್ತು. ಹಿಂದಿನ ಸಂಜೆ ಚೈನಿಗೆ ಗ್ರೀಸ್ ಹಚ್ಚಿದ ಫಿಟ್ಟರ್ ಅದನ್ನು ಮತ್ತೆ ಕೂರಿಸದೆ ಹೋಗಿದ್ದರು. ನಾನು ನೋಡಿದೆ. ಕರೆದು ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಹೊರಗೆ ಲಾರಿ ಬಂದು ನಿಂತಿತು, ನಾನು ಆ ಕಡೆ ಹೋದೆ. ಹತ್ತು ನಿಮಿಷವೂ ಆಗಿರಲಿಲ್ಲ, ಒಳಗಿನಿಂದ ಯಾರೋ ಕೂಗಿದರು. ಓರೆಯಾದ ಚೀಲವನ್ನು ನೆಟ್ಟಗೆ ಮಾಡಲು ಹೋಗಿ ಅಕ್ಕನ ಬಲಗೈ ಚೈನಿಗೆ ಸಿಕ್ಕಿತ್ತು.

ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿಯೇ ಶಸ್ತ್ರಚಿಕಿತ್ಸೆ ಆಯಿತು. ತೋರುಬೆರಳಿನ ತುದಿ ಉಳಿಯಲಿಲ್ಲ. ನಡುಬೆರಳನ್ನು ಮಡಚುವ ನರ ತುಂಡಾಗಿತ್ತು, ಅದನ್ನು ಜೋಡಿಸಿ ಹೊಲಿದರು. ಆರು ವಾರ ಕೈ ಪಟ್ಟಿಯೊಳಗೇ ಇರಬೇಕು, ಆಮೇಲೆ ಹಾವೇರಿಯಲ್ಲಿ ಫಿಸಿಯೋಥೆರಪಿ ವ್ಯಾಯಾಮ ಕಲಿಸುವವರ ಹತ್ತಿರ ಹೋಗಬೇಕು ಎಂದು ವೈದ್ಯರು ಹೇಳಿದರು.

ಮೂರನೆಯ ವಾರದ ಒಂದು ಬೆಳಿಗ್ಗೆ ನೋಡಿದರೆ ಅಕ್ಕ ಯಂತ್ರದ ಮುಂದೆ ನಿಂತಿದ್ದಾರೆ. ಪಟ್ಟಿ ಕಟ್ಟಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು.

"ಇದೇನ್ರಿ ಅಕ್ಕಾ, ಯಾರು ಬಾ ಅಂದ್ರು ನಿಮಗ?" ಎಂದೆ.

"ಯಾರೂ ಅಂದಿಲ್ರಿ. ಎಡಗೈಲೆ ಮಾಡತೇನಿ, ತಡೀರಿ."

"ಹಂಗ ಮಾಡಾಕ ಬರಂಗಿಲ್ರಿ."

ಅವರು ನೆಲ ನೋಡುತ್ತಾ ಹೇಳಿದರು, "ನನ್ನ ಜಾಗಾಕ ಬ್ಯಾರೆದಾಕಿ ಬಂದು ನಿಂತಾಳಂತ ಕೇಳಿದೆ. ಮನ್ಯಾಗ ಹ್ಯಾಂಗ ಕುಂದ್ರಲಿ ಮೇಡಂ?"

ಅವರನ್ನು ಬಸ್ಸಿಗೆ ಹತ್ತಿಸಿ ಬಂದು ನಾನು ಮಾಲೀಕರ ಕೋಣೆಗೆ ಹೋದೆ. ಮಾಲೀಕರು ಕೆಟ್ಟವರಲ್ಲ. ಆಸ್ಪತ್ರೆಯ ಖರ್ಚು ಪೂರ್ತಿ ಅವರೇ ನೋಡಿಕೊಂಡಿದ್ದರು. ಆದರೆ ಅವರದೊಂದೇ ಮಾತು: "ಕೈ ಪೂರ್ತಿ ಆರಾಮ ಆಗಲಿ, ಆಮ್ಯಾಲ ಬರಲಿ." ಪೂರ್ತಿ ಆರಾಮ ಆಗದಿದ್ದರೆ ಏನು ಎಂದು ನಾನು ಕೇಳಿದೆ. ಚೀಲ ಹೊಲಿಯಲು ಆಗದಿದ್ದರೂ ಅಕ್ಕ ಮಾಡಬಹುದಾದ ಬೇರೆ ಕೆಲಸ ಇಲ್ಲಿ ಇದೆಯೋ ಇಲ್ಲವೋ ನೋಡೋಣ ಎಂದೆ. ಕೊನೆಗೆ ಅವರು "ನೋಡ್ರಿ ಹಂಗಾರ" ಎಂದರು. ನನಗೆ ಅಷ್ಟು ಸಾಕಾಗಿತ್ತು.

ಆರು ವಾರ ಕಳೆದ ಮೇಲೆ, ಕಾರ್ಖಾನೆಗೆ ರಜೆಯಿರುವ ಪ್ರತಿ ಗುರುವಾರ ಅಕ್ಕ ಮತ್ತು ನಾನು ಹಾವೇರಿಯ ಬಸ್ಸು ಹತ್ತತೊಡಗಿದೆವು. ಜೊತೆಗೆ ಹೋಗಲೇಬೇಕೆಂದೇನೂ ಇರಲಿಲ್ಲ. ಗೋಡೆಗೆ ಒರಗಿದ ಆ ಜಾಲರಿ ನನ್ನನ್ನು ಮನೆಯಲ್ಲಿ ಕೂರಲು ಬಿಡುತ್ತಿರಲಿಲ್ಲ. ಮೂರನೆಯ ಗುರುವಾರ, ಬಸ್ಸು ಮೋಟೆಬೆನ್ನೂರು ದಾಟುವಾಗ ನಾನು ಹೇಳಿಬಿಟ್ಟೆ.

"ಅಕ್ಕಾ, ಅವತ್ತು ಜಾಲರಿ ಇಲ್ಲದ್ದು ನಾ ನೋಡಿದ್ದೆರಿ. ಹೇಳದ ಹೋದೆ."

ಅಕ್ಕ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ನಾನೂ ನೋಡಿದ್ದೆರಿ," ಎಂದರು. "ಯಂತ್ರ ನಿಂದ್ರಸ್ರಿ ಅಂದ್ರ ಯಾರರ ಬೈತಾರ ಅಂತ ಸುಮ್ಮನಾದೆ. ತಪ್ಪು ನಿಮಗೊಬ್ಬರಿಗ ಯಾಕ ಹಚ್ಚಲಿ?"

ಅವರು ಹಾಗೆ ಹೇಳಿದ್ದರಿಂದ ನನ್ನ ತಪ್ಪು ಕಡಿಮೆಯಾಗಲಿಲ್ಲ. ಆದರೂ ಅಷ್ಟು ವಾರಗಳ ನಂತರ ಅಂದು ಮೊದಲ ಬಾರಿಗೆ ನನಗೆ ಸರಿಯಾಗಿ ಉಸಿರಾಡಲು ಬಂತು. ಯಂತ್ರ ನಿಲ್ಲಿಸಿ ಎಂದು ಹೇಳಿದರೆ ಬೈಗುಳ ಬರುತ್ತದೆ ಎಂದು ಎಂಟು ವರ್ಷ ಕೆಲಸ ಮಾಡಿದವರೂ ಹೆದರುತ್ತಾರೆ ಎಂಬುದು ನನಗೆ ಆ ಬಸ್ಸಿನಲ್ಲಿ ಗೊತ್ತಾಯಿತು.

ಹಾವೇರಿಯಲ್ಲಿ ವ್ಯಾಯಾಮ ಕಲಿಸುತ್ತಿದ್ದವರು ಗುತ್ತಲದ ಕಡೆಯ ಹೆಣ್ಣುಮಗಳು, ನನ್ನ ವಯಸ್ಸಿನವರೇ. ಮೊದಮೊದಲು ಬೆರಳನ್ನು ಅವರೇ ಹಿಡಿದು ಮೆಲ್ಲಗೆ ಮಡಚಿ ಬಿಡಿಸುತ್ತಿದ್ದರು. ಅಕ್ಕ ಹಲ್ಲು ಕಚ್ಚಿ ಕೂರುತ್ತಿದ್ದರು. ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಮಾಡಿ ಎಂದು ಒಂದು ರಬ್ಬರ್ ಚೆಂಡು ಕೊಟ್ಟರೆ ಅಕ್ಕ ಅದನ್ನು ಮುಟ್ಟಲೇ ಇಲ್ಲ. ಚೆಂಡು ಹಿಡಿದು ಕೂತರೆ ಓಣಿಯವರು ನಗುತ್ತಾರೆ ಎಂಬ ನಾಚಿಕೆ. ಅಪಘಾತವಾಗಿ ಎರಡೂವರೆ ತಿಂಗಳಾದಾಗ ವ್ಯಾಯಾಮದವರು ಕೇಳಿದರು:

"ಮನ್ಯಾಗ ರೊಟ್ಟಿ ಯಾರು ಮಾಡತಾರ್ರಿ?"

"ಈಗ ಸೊಸಿ ಮಾಡತಾಳ್ರಿ. ಭಾಳ ದಪ್ಪ ಮಾಡತಾಳ."

"ಹಂಗಾರ ನಾಳಿಂದ ಹಿಟ್ಟು ನೀವ ನಾದ್ರಿ. ಬಿಸಿನೀರಿನ ಹಿಟ್ಟು, ಆದರ ಕೈಗೆ ಬಿಸಿ ಹತ್ತಬಾರದು. ಒಂದ ರೊಟ್ಟೀದು ಸಾಕು. ನೋವಾದ್ರ ಬಿಡ್ರಿ. ಬಡಿಯೂದು ಈಗ ಬ್ಯಾಡ."

ಅಕ್ಕ ಅದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಒಂದು ರೊಟ್ಟಿಯ ಹಿಟ್ಟು ಎರಡಾಯಿತು, ನಾಲ್ಕಾಯಿತು. ಒಂದು ಗುರುವಾರ ಬಸ್ಸಿನಲ್ಲಿ ಬಟ್ಟೆಯ ಗಂಟು ಬಿಚ್ಚಿ ನನ್ನ ಮಡಿಲಲ್ಲಿ ಒಂದು ರೊಟ್ಟಿ ಇಟ್ಟರು. ಅಂಚು ಒಂದು ಕಡೆ ಹರಿದಿತ್ತು. "ಬಡ್ಯಾಕ ಹೇಳಿದ್ರೇನು ಅವರು?" ಎಂದು ಕೇಳಿದೆ. "ಹೋದ ವಾರ ನೀವು ಹೊರಗ ಚಾ ಕುಡ್ಯಾಕ ಹೋಗಿದ್ರಲ್ಲ, ಆವಾಗ ಕೇಳೇನ್ರಿ," ಎಂದು ನಕ್ಕರು. ಅಪಘಾತವಾದ ಮೇಲೆ ಅವರು ನಕ್ಕಿದ್ದನ್ನು ನಾನು ಅಂದೇ ಕಂಡದ್ದು.

ಈ ನಡುವೆ ಆ ವ್ಯಾಯಾಮದವರು ಒಂದು ಹಾಳೆ ಬರೆದು ಕೊಟ್ಟಿದ್ದರು. ಈ ಕೈ ಏನು ಎತ್ತಬಹುದು, ಎಷ್ಟು ಹೊತ್ತು, ಏನು ಮಾಡಲೇಬಾರದು ಎಂದು ಅದರಲ್ಲಿ ಬಿಡಿಸಿ ಬರೆದಿತ್ತು. ಅದನ್ನು ಮಾಲೀಕರ ಮೇಜಿನ ಮೇಲೆ ಇಟ್ಟೆ. ಅವರು ಎರಡು ಸಲ ಓದಿದರು. ಅಕ್ಕನನ್ನು ಮೊಳಕೆ ನೋಡುವ ಕೋಣೆಗೆ ಕರೆದುಕೊಂಡೆವು, ಮೊದಲು ಅರ್ಧ ದಿನಕ್ಕೆ. ಒದ್ದೆ ಕಾಗದದ ಮೇಲೆ ಬೀಜ ಸಾಲಾಗಿ ಇಟ್ಟು ಸುರುಳಿ ಸುತ್ತುವುದು, ಕೆಲವು ದಿನ ಬಿಟ್ಟು ಬಿಚ್ಚಿ ಎಷ್ಟು ಮೊಳೆತಿವೆ ಎಂದು ನೋಡುವುದು. ಭಾರವಿಲ್ಲ, ಯಂತ್ರವಿಲ್ಲ, ಸಣ್ಣ ಬೀಜ ಹಿಡಿಯುವುದೇ ಬೆರಳಿಗೆ ವ್ಯಾಯಾಮ. ಎರಡನೆಯ ವಾರದಲ್ಲಿ ಅಕ್ಕ ಒಂದು ಸುರುಳಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಇವು ಎದ್ದಾವ ಖರೇ, ಆದರ ಬೇರು ಸೊಟ್ಟ ಅದಾವ. ಹೊಲದಾಗ ನಿಂದ್ರಂಗಿಲ್ಲ ಇವು," ಎಂದರು. ಮತ್ತೆ ಪರೀಕ್ಷೆ ಮಾಡಿಸಿದೆವು. ಅವರು ಹೇಳಿದ್ದು ಸರಿಯಿತ್ತು, ಆ ಬೀಜ ಮಾರಾಟಕ್ಕೆ ಹೋಗಲಿಲ್ಲ.

ಅವರು ಆ ಕೋಣೆಯಲ್ಲಿಯೇ ಉಳಿಯಲಿ ಎಂದು ಮಾಲೀಕರು ಹೇಳಿದರು. ಅಕ್ಕ ಒಪ್ಪಲಿಲ್ಲ. "ಯಂತ್ರದ ಮುಂದ ಒಮ್ಮೆ ನಿಂತು ನೋಡತೇನ್ರಿ. ಇಲ್ಲಂದ್ರ ಜೀವ ಇರೂ ತನಕ ಹೆದರಿಕಿ ಹೋಗಂಗಿಲ್ಲ," ಎಂದರು.

ಐದು ತಿಂಗಳಾದ ಮೇಲೆ, ಹಾವೇರಿಯಿಂದ ಒಪ್ಪಿಗೆ ಬಂದ ನಂತರದ ಸೋಮವಾರ, ಅವರನ್ನು ಯಂತ್ರದ ಹತ್ತಿರ ಕರೆದುಕೊಂಡು ಹೋದೆ. ಅಷ್ಟರಲ್ಲಿ ಜಾಲರಿ ಎತ್ತಿದ ಕೂಡಲೇ ಯಂತ್ರ ತಾನೇ ನಿಲ್ಲುವ ಹಾಗೆ ಫಿಟ್ಟರ್ ಸ್ವಿಚ್ಚು ಹಾಕಿದ್ದರು. ಹೊಲಿಯುವವರ ಕೈಗೆ ಎಟಕುವಂತೆ ದೊಡ್ಡ ಕೆಂಪು ಗುಂಡಿಯೂ ಬಂದಿತ್ತು. ಬೆಲ್ಟು ತಿರುಗಲು ಶುರುವಾದ ಸಪ್ಪಳಕ್ಕೆ ಅಕ್ಕ ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ತಾವೇ ಮುಂದೆ ಬಂದು ಗುಂಡಿ ಒತ್ತಿದರು. ಬೆಲ್ಟು ನಿಂತಿತು.

"ಚಾಲೂ ಮಾಡ್ರಿ," ಎಂದರು ಫಿಟ್ಟರ್‌ಗೆ. ಮತ್ತೆ ಒತ್ತಿದರು. "ಈಗ ಚಾಲೂ ಮಾಡಿ ಜಾಲರಿ ಎತ್ರಿ, ನಿಂದ್ರತೈತೇನು ನೋಡೂಣು."

ನಿಂತಿತು. ಮೂರು ಸಲ ಎತ್ತಿಸಿದರು. ಫಿಟ್ಟರ್ ಬೇಸರ ಮಾಡಿಕೊಳ್ಳದೆ ಮೂರು ಸಲವೂ ಎತ್ತಿದರು. ಆಮೇಲೆ ತಲೆ ತಗ್ಗಿಸಿಕೊಂಡೇ, "ತಪ್ಪಾತ್ರಿ ಅಕ್ಕಾರ, ಅವತ್ತು," ಎಂದರು. "ಆತು ಬಿಡ್ರಿ," ಎಂದು ಅಕ್ಕ ಚೀಲದ ಬಾಯಿ ಹಿಡಿದರು. ನಡುಬೆರಳು ಪೂರ್ತಿ ಮಡಚುವುದಿಲ್ಲ, ಇನ್ನು ಮುಂದೆಯೂ ಮಡಚಲಿಕ್ಕಿಲ್ಲ. ಹೊಲಿಗೆ ಮಾತ್ರ ನೆಟ್ಟಗೆ ಬಂತು. ಮೊದಲ ದಿನ ಒಂದು ತಾಸು, ಆ ವಾರದ ಕೊನೆಗೆ ಎರಡು ತಾಸು. ಈಗ ಅರ್ಧ ದಿನ ಅಲ್ಲಿ, ಅರ್ಧ ದಿನ ಮೊಳಕೆಯ ಕೋಣೆಯಲ್ಲಿ. ಹಾಗೇ ಇರಲಿ ಎಂದು ಅವರೇ ಕೇಳಿಕೊಂಡರು.

ಕಳೆದ ತಿಂಗಳು ಗೋದಾಮಿನಲ್ಲಿ ಚೀಲ ಹೊರುವ ಬ್ಯಾಡಗಿಯ ಒಬ್ಬರಿಗೆ ನಡು ಹಿಡಿದುಕೊಂಡಿತು. ಮೊದಲಾಗಿದ್ದರೆ ಬಾಯಿ ಬಿಡದೆ ಇನ್ನೂ ನಾಲ್ಕು ದಿನ ಹೊತ್ತು, ಆಮೇಲೆ ಹಾಸಿಗೆ ಹಿಡಿಯುತ್ತಿದ್ದರು. ಅವರು ನೋವು ಬಂದ ಅದೇ ತಾಸಿನಲ್ಲಿ ಅಕ್ಕನ ಹತ್ತಿರ ಹೋಗಿ ಹೇಳಿದರಂತೆ. ಅಕ್ಕ ಅವರನ್ನು ನಿಧಾನವಾಗಿ ನಡೆಸಿಕೊಂಡು ನನ್ನ ಬಾಗಿಲಿಗೆ ಬಂದರು.

"ಇವರಿಗೆ ಒಂದು ಕುರ್ಚಿ ಕೊಡ್ರಿ ಮೇಡಂ," ಎಂದರು. "ಗುರುವಾರದ ಹಾವೇರಿ ಬಸ್ಸಿಗೆ ಇವರನ್ನೂ ಕರಕೊಂಡು ಹೋಗೂಣು."

ನಾನು ಎದ್ದು ನನ್ನ ಕುರ್ಚಿಯನ್ನೇ ಕೊಟ್ಟೆ.