ಜ್ವರ ಮನೆಗೆ ಬರುವ ಹೊತ್ತು

ಹೆರಿಗೆಗೆ ತವರಿಗೆ ಬಂದಿದ್ದ ತಂಗಿಗೆ ದಿನ ಬಿಟ್ಟು ದಿನ ಚಳಿಜ್ವರ ಎಂದು ಅವ್ವ ಫೋನಿನಲ್ಲಿ ಹೇಳಿದ ದಿನವೇ ನಾನು ಊರಿಗೆ ಹೊರಟೆ. ಹೈದರಾಬಾದಿನ ಪ್ರಯೋಗಾಲಯದಲ್ಲಿ ನಾನು ಮಾಡುವುದು ಮಲೇರಿಯಾದ ಕೆಲಸವೇ. ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ನಮ್ಮೂರು ಕೊಹಿನೂರ ಮುಟ್ಟಿದರೆ ಮನೆಗೆ ಬೀಗ. ಏನಾಯಿತೋ ಎಂದು ನೆರೆಯವರನ್ನು ಕೇಳಿದೆ.

ಅವ್ವ, ತಂಗಿ ಇಬ್ಬರೂ ಪಕ್ಕದ ಓಣಿಯ ಕಾಕಿಯ ಮನೆಯಲ್ಲಿದ್ದರು. ಅದು ಜ್ವರ ಬರುವ ಪಾಳಿಯ ದಿನ. ಆ ಹೊತ್ತಿಗೆ ರೋಗಿಯನ್ನು ಬೇರೆಯವರ ಮನೆಯಲ್ಲಿ ಬಚ್ಚಿಡುವುದು ನಮ್ಮ ಮನೆತನದ ರೂಢಿ.

"ಜ್ವರ ಬಂದು ಹುಡುಕ್ತದ. ಮನ್ಯಾಗ ಯಾರೂ ಸಿಗಲಿಲ್ಲಂದ್ರ ಹೊಳ್ಳಿ ಹೋಗ್ತದ," ಎಂದಳು ಅವ್ವ.

ತಂಗಿ ಎರಡು ಕೌದಿಯ ಕೆಳಗೆ ಗಡಗಡ ನಡುಗುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಅವ್ವನಿಗೆ ಬಾಯಿಗೆ ಬಂದಂತೆ ಅಂದು, ಆಟೋ ತರಿಸಿ ತಂಗಿಯನ್ನು ಬಸವಕಲ್ಯಾಣದ ಆಸ್ಪತ್ರೆಗೆ ಕರೆದೊಯ್ದೆ. ರಕ್ತ ನೋಡಿದರು, ಮಲೇರಿಯಾನೇ. ಡಾಕ್ಟರು ಗುಳಿಗೆ ಕೊಟ್ಟರು. ಯಕೃತ್ತಿನಲ್ಲಿ ಅಡಗಿ ಕೂತ ರೋಗಾಣುವನ್ನು ಕೊಲ್ಲುವ ಗುಳಿಗೆಯನ್ನು ಮಾತ್ರ ಬಸುರಿಗೆ ಕೊಡುವಂತಿಲ್ಲ, ಜ್ವರ ಮರಳಬಹುದು ಎಂದರು. ಅದು ನನಗೆ ಗೊತ್ತಿದ್ದದ್ದೇ. ಆದರೂ ಬೇರೆಯವರ ಬಾಯಿಂದ ಕೇಳಿದಾಗ ಹೆದರಿಕೆ ಹೆಚ್ಚಾಯಿತು.

ಮುಂದಿನ ಪಾಳಿಯ ದಿನ ಮನೆಯಲ್ಲೇ ತಂಗಿಯ ಪಕ್ಕದಲ್ಲಿ ಕುಳಿತೆ. ಹೈದರಾಬಾದಿನಲ್ಲಿ ನೀನು ಮಾಡುವುದಾದರೂ ಏನು ಎಂದು ಕೇಳಿದಳು. ಈ ಸೂಕ್ಷ್ಮಜೀವಿ ಯಕೃತ್ತಿನಿಂದ ರಕ್ತಕ್ಕೆ ಬಂದ ಮೇಲೆ ರಕ್ತದ ಕಣದೊಳಗೆ ಹೊಕ್ಕರೆ ಮಾತ್ರ ಬೆಳೆಯುತ್ತದೆ ಎಂದೆ. ಕಣದ ಮೈಗೆ ಕೊಂಡಿ ಹಾಕಿ, ಬಾಗಿಲು ತೆರೆಸಿಕೊಂಡು, ನಿಮಿಷ ತುಂಬುವುದರೊಳಗೆ ಒಳಗಿರುತ್ತದೆ. ಅದು ಹೊರಗಿರುವ ಆ ಗಳಿಗೆಯಲ್ಲೇ ನಮ್ಮ ಮೈಯ ಕಾವಲು ಅದನ್ನು ಹಿಡಿಯಬೇಕು. ಕೊಂಡಿ ಯಾವುದೆಂದು ಗೊತ್ತಾದರೆ ಲಸಿಕೆಯಲ್ಲಿ ಅದನ್ನೇ ಮೈಗೆ ಮೊದಲೇ ತೋರಿಸಿಡಬಹುದು. ಆದರೆ ಇದು ಒಂದು ದಾರಿ ಮುಚ್ಚಿದರೆ ಇನ್ನೊಂದು ಹುಡುಕುವ ಖದೀಮ. ಯಾವ ಕೊಂಡಿ ಇಲ್ಲದೆ ಅದಕ್ಕೆ ಗತಿಯೇ ಇಲ್ಲವೋ ಅದನ್ನು ನಾವು ಹುಡುಕುತ್ತಿದ್ದೇವೆ. ಇನ್ನೊಂದು ಜಾತಿಯ ಮಲೇರಿಯಾಕ್ಕೆ ಮಕ್ಕಳ ಲಸಿಕೆ ಬಂದಿದೆ, ನಿನಗೆ ಬಂದಿರುವ ಜಾತಿಗೆ ಇನ್ನೂ ಇಲ್ಲ ಎಂದೆ.

ಅವಳು ನನ್ನ ಕಡೆ ಹೊರಳಿದಳು.

"ಅಕ್ಕ, ಕೂಸಿನ ತನಕಾನೂ ಅದಕ್ಕ ಬಾಗಲ ಅದ ಏನ?"

ಅಪರೂಪಕ್ಕೆ ಇದೆ. ಅದನ್ನು ಹೇಳದೆ ಅವಳ ಕೌದಿ ಎಳೆದು ಸರಿಮಾಡಿದೆ. ಜ್ವರದ ಹೊತ್ತು ಹತ್ತಿರವಾಗುತ್ತಿತ್ತು. ತಂಗಿ ಉತ್ತರಕ್ಕೆ ಕಾಯದೆ ಎರಡೂ ಅಂಗೈ ಅಗಲಿಸಿ ಹೊಟ್ಟೆಯನ್ನು ಮುಚ್ಚಿಕೊಂಡಳು. ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ ನಾನು ಕೈ ಚಾಚಿ, ಅವಳ ಬೆರಳುಗಳ ನಡುವೆ ಬಿಟ್ಟುಹೋದ ಜಾಗವನ್ನು ಮುಚ್ಚಿದೆ.