ಬಟನ್ ಒತ್ತಿದರೂ ಸರಿಯದ ಚಿತ್ರಗಳು

ಅಪ್ಪ ಚಿಕ್ಕೋಡಿಯ ಕೋರ್ಟಿನಲ್ಲಿ ಪಟ್ಟೇವಾಲಾ ಆಗಿದ್ದ. ಬಾಗಿಲಲ್ಲಿ ನಿಂತು ಪಕ್ಷಗಾರರ ಹೆಸರು ಕೂಗುವುದು ಅವನ ಕೆಲಸ. ಸುತ್ತಲ ಹಳ್ಳಿಗಳಿಂದ ಬಂದವರು ಮರದ ನೆರಳಲ್ಲಿ, ಚಹಾದಂಗಡಿಯಲ್ಲಿ, ಎಲ್ಲೇ ಕೂತಿದ್ದರೂ ಅವನ ದನಿಗೆ ಎದ್ದು ಓಡಿ ಬರುತ್ತಿದ್ದರು. ನಿವೃತ್ತನಾದ ಎರಡನೆಯ ವರ್ಷ ಅವನಿಗೆ ಲಕ್ವಾ ಹೊಡೆಯಿತು. ಬಲಗೈ ಅರ್ಧ ಉಳಿಯಿತು, ಮಾತು ಪೂರಾ ಹೋಯಿತು. ಬರೆಯಲು ಹೋದರೆ ಅಕ್ಷರ ಕೂಡುತ್ತಿರಲಿಲ್ಲ. ನಾವು ಹೇಳಿದ್ದು ತಿಳಿಯುತ್ತಿತ್ತು, ಚಿತ್ರ ತೋರಿಸಿದರೆ ಗುರುತು ಹಿಡಿಯುತ್ತಿದ್ದ. ತನ್ನದನ್ನು ಹೇಳಿಕೊಳ್ಳಲು ಮಾತ್ರ ದಾರಿ ಇರಲಿಲ್ಲ.

ಅವ್ವ ಹೋಗಿ ಬಹಳ ವರ್ಷವಾಗಿತ್ತು. ನಾನು ಮದುವೆಯಾಗಲಿಲ್ಲ. ಇಲ್ಲಿಯದೇ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಹಗಲು ನಾನಿಲ್ಲದಾಗ ಪಕ್ಕದ ಮನೆಯ ಕಾಕು ಬಂದು ಅಪ್ಪನಿಗೆ ಉಣಿಸಿ ಹೋಗುತ್ತಿದ್ದರು. ಸಂಜೆ ಮನೆಗೆ ಬಂದರೆ ನಾನು ಮಾತಾಡುತ್ತಿದ್ದೆ, ಅವನು ಗೋಡೆ ನೋಡುತ್ತಿದ್ದ. ಕೆಲವು ತಿಂಗಳು ಕಳೆದ ಮೇಲೆ ನಾನೂ ಮಾತು ಕಡಿಮೆ ಮಾಡಿದೆ.

ಆಗ ಅವನಿಗಾಗಿ ಒಂದು ವೆಬ್ ಪುಟ ಬರೆದೆ. ಟ್ಯಾಬಿನಲ್ಲಿ ತೆರೆದರೆ ಒಂದೊಂದೇ ದೊಡ್ಡ ಚಿತ್ರ, ಕೆಳಗೆ ಅದರ ಹೆಸರು. ಚಿತ್ರ ಮುಟ್ಟಿದರೆ ಅದು ಮಾತಾಡುತ್ತದೆ: ನೀರು ಬೇಕು, ಕಾಲು ನೋಯಾಕತ್ತಾವು, ಫ್ಯಾನ್ ಹಚ್ಚು. ಒಂದರಿಂದ ಇನ್ನೊಂದಕ್ಕೆ ಹೋಗಲು ಹಿಂದೆ, ಮುಂದೆ ಎಂಬ ಎರಡು ಬಟನ್. ನಡುವೆ ಎಷ್ಟು ಚಿತ್ರವೋ ಅಷ್ಟು ಪುಟ್ಟ ಬಟನ್‌ಗಳ ಸಾಲು. ಜಾವಾಸ್ಕ್ರಿಪ್ಟಿನಲ್ಲಿ ಇಂಥ ಸ್ಲೈಡರ್ ಬರೆಯುವುದು ದೊಡ್ಡ ಮಾತಲ್ಲ. ಹೊಸ ಚಿತ್ರ ಸೇರಿಸಿದ ಕೂಡಲೇ ಅದರ ಬಟನ್ ತಾನಾಗಿ ಹುಟ್ಟಿಕೊಳ್ಳುವಂತೆಯೂ ಮಾಡಿದ್ದೆ. ದನಿ ನನ್ನದೇ ಹಾಕಿದ್ದೆ. ಬೇರೆ ಯಾರದು ಹಾಕಲಿ? ಹೀಗೆ ಮನೆಯಲ್ಲಿ ಕೇಳುವ ಎರಡೂ ದನಿ ನನ್ನವೇ ಆದವು.

ಮೊದಲ ವಾರ ಅಪ್ಪ ಅದನ್ನು ಬಿಟ್ಟಿರಲೇ ಇಲ್ಲ. ನಾನು ಅಡುಗೆ ಮನೆಯಲ್ಲಿದ್ದರೆ "ನೀರು ಬೇಕು" ಎಂದು ನನ್ನ ದನಿ ಕೇಳುತ್ತಿತ್ತು, ತಂಬಿಗೆ ಹಿಡಿದು ಓಡುತ್ತಿದ್ದೆ. ಉತ್ಸಾಹದಿಂದ ದಿನಕ್ಕೊಂದು ಚಿತ್ರ ಸೇರಿಸತೊಡಗಿದೆ. ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ ಸೇರಿಸಿ, ಪುಟವನ್ನು ಹಾಗೇ ತೆರೆದು ಅವನ ತೊಡೆಯ ಮೇಲಿಟ್ಟು ಬಸ್ ಹಿಡಿಯುತ್ತಿದ್ದೆ.

ಎರಡನೆಯ ವಾರ ಕಾಕು ಹೇಳಿದರು, "ನಿಮ್ಮಪ್ಪ ಮಧ್ಯಾಹ್ನ ಪೂರಾ ಅದನ್ನ ಒತ್ತಕೋತ ಕುಂತಿದ್ರವಾ. ಏನೂ ಓಡವಲ್ದು."

ನಾನು ಟ್ಯಾಬನ್ನು ಚಾರ್ಜಿಗೆ ಹಾಕಿ, ಪುಟವನ್ನು ಹೊಸದಾಗಿ ತೆರೆದು ಒತ್ತಿ ನೋಡಿದೆ. ಎಲ್ಲ ಸರಿಯಾಗಿ ಓಡಿತು. ಮರುದಿನವೂ ಅದೇ ದೂರು, ಸಂಜೆ ನನ್ನ ಕೈಯಲ್ಲಿ ಅದೇ ಸರಿಯಾದ ಓಟ. ಅವನ ಬೆರಳು ನಡುಗುವುದನ್ನು ನೋಡಿದ್ದೆನಲ್ಲ, ತಪ್ಪು ಅಲ್ಲಿದೆ ಎಂದುಕೊಂಡೆ. ಬಟನ್‌ಗಳನ್ನು ದೊಡ್ಡದು ಮಾಡಿದೆ. ಆದರೂ ಓಡಲಿಲ್ಲ.

"ಬರೋಬರಿ ಒತ್ತು ಅಪ್ಪಾ," ಎಂದೆ ಒಂದು ಸಂಜೆ. ಅವನ ಬೆರಳು ಹಿಡಿದು ಪರದೆಗೆ ಒತ್ತಿಸಿದೆ. ಚಿತ್ರ ಸರಿಯಿತು. "ನೋಡು, ಓಡಾಕತ್ತೈತಿ. ಹಿಂಗ ಒತ್ತಬೇಕು. ಸಣ್ಣ ಹುಡುಗೂರೂ ಒತ್ತತಾವು."

ಆ ಕೊನೆಯ ಮಾತು ನಾನು ಆಡಬಾರದಿತ್ತು. ಅಪ್ಪ ಕೈ ಬಿಡಿಸಿಕೊಂಡ. ಟ್ಯಾಬನ್ನು ಎಡಗೈಯಿಂದ ಬೋರಲು ಮಾಡಿ ಹಾಸಿಗೆಯ ಆ ಕಡೆಗೆ ಸರಿಸಿದ. ಮುಂದೆ ಹದಿನೈದು ದಿನ ಮುಟ್ಟಲಿಲ್ಲ. ನಾನೂ ಹಟದಿಂದ ಕೇಳಲಿಲ್ಲ. ನೀರನ್ನು ಹೊತ್ತು ನೋಡಿ ಕೊಡುತ್ತಿದ್ದೆ, ಅವನು ಕುಡಿಯುತ್ತಿದ್ದ.

ಒಂದು ಶನಿವಾರ ಕುಡಚಿಯಿಂದ ಅತ್ತೆ ಬಂದಳು. ಅಪ್ಪನ ತಂಗಿ, ಅವನಷ್ಟೇ ದೊಡ್ಡ ಗಂಟಲಿನವಳು. ಬೋರಲು ಬಿದ್ದಿದ್ದ ಟ್ಯಾಬ್ ನೋಡಿ ಅದೇನೆಂದು ಕೇಳಿದಳು. ಹೇಳಿದೆ.

"ನನ್ನ ಫೋಟೋನೂ ಹಾಕ ಬೇ ಅದರಾಗ. ಅಣ್ಣಗ ನನ್ನ ಕರೀಬೇಕಾದ್ರ ಹೆಂಗ ಕರೀಬೇಕು?"

ಅಲ್ಲೇ ಅವಳ ಫೋಟೋ ತೆಗೆದು ಸೇರಿಸಿದೆ. ಸಾಲಿನ ಕೊನೆಗೆ ಹೊಸ ಬಟನ್ ಬಂತು. ಅತ್ತೆ ಅದನ್ನು ಒತ್ತಿದಳು, ಚಿತ್ರ ಅಲುಗಲಿಲ್ಲ. ಮತ್ತೆ ಒತ್ತಿದಳು. ಹಿಂದೆ, ಮುಂದೆ ಎಲ್ಲ ಒತ್ತಿ, ತನ್ನ ಬೆರಳನ್ನೇ ತಿರುಗಿಸಿ ನೋಡಿಕೊಂಡಳು.

"ನನ್ನ ಬಟ್ಟಿಗೂ ಓಡವಲ್ದಲ್ಲ. ನನಗೇನ ಲಕ್ವಾ ಹೊಡದೈತೇನು?"

ನಾನು ಒತ್ತಿದೆ. ನನಗೂ ಓಡಲಿಲ್ಲ. ಅಪ್ಪ ಹಾಸಿಗೆಯಿಂದ ನನ್ನನ್ನೇ ನೋಡುತ್ತಿದ್ದ.

ಲ್ಯಾಪ್‌ಟಾಪ್ ತಂದು ಅವನೆದುರೇ ಕೂತೆ. ಬಟನ್ ಒತ್ತಿದಾಗಲೆಲ್ಲ ಅದರ ಪರದೆಯ ಮೇಲೆ ಒಂದು ಸಾಲು ಅಕ್ಷರ ಮೂಡುವಂತೆ ಬರೆದು ಪರೀಕ್ಷಿಸಿದೆ. ಚಿತ್ರ ಸೇರಿಸುವ ಮುಂಚೆ ಒತ್ತಿದರೆ ಸಾಲು ಮೂಡಿತು, ಸೇರಿಸಿದ ಮೇಲೆ ಒತ್ತಿದರೆ ಮೂಡಲಿಲ್ಲ. ಅಷ್ಟರಲ್ಲೇ ತಿಳಿದುಹೋಯಿತು. ಹೊಸ ಚಿತ್ರ ಬಂದಾಗಲೆಲ್ಲ ನನ್ನ ಪ್ರೋಗ್ರಾಮು ಹಿಂದೆ, ಮುಂದೆ ಸೇರಿ ಹಳೆಯ ಬಟನ್‌ಗಳನ್ನೆಲ್ಲ ಅಳಿಸಿ, ನೋಡಲು ಅವೇ ಎನ್ನುವಂಥ ಹೊಸ ಸಾಲನ್ನು ಕಟ್ಟುತ್ತಿತ್ತು. ಒತ್ತಿದರೆ ಏನು ಮಾಡಬೇಕೆಂಬ ಆದೇಶವನ್ನು ಮಾತ್ರ ನಾನು ಪುಟ ತೆರೆಯುವಾಗ ಒಂದೇ ಸಲ, ಅಳಿಸಿಹೋಗುವ ಆ ಹಳೆಯವಕ್ಕೆ ಕೊಟ್ಟಿದ್ದೆ. ಸಂಜೆ ನಾನು ಪುಟವನ್ನು ಹೊಸದಾಗಿ ತೆರೆಯುತ್ತಿದ್ದರಿಂದ ನನ್ನ ಕೈಯಲ್ಲಿ ಎಲ್ಲ ಸರಿ ಇರುತ್ತಿತ್ತು. ಬೆಳಿಗ್ಗೆ ನಾನು ಪ್ರೀತಿಯಿಂದ ಒಂದು ಚಿತ್ರ ಸೇರಿಸಿ ಹೋದ ದಿನವೆಲ್ಲ ಅಪ್ಪನ ಕೈಯಲ್ಲಿ ಸತ್ತ ಬಟನ್‌ಗಳಿದ್ದವು.

ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ಆದೇಶವನ್ನು ಬಟನ್‌ಗಳಿಗೆ ಕೊಡದೆ, ಅವು ಕೂತಿರುವ ಪೆಟ್ಟಿಗೆಗೆ ಕೊಟ್ಟೆ. ಒಳಗೆ ಯಾವ ಬಟನ್ ಯಾವಾಗ ಹುಟ್ಟಿದರೂ ಒತ್ತಿದ್ದು ಪೆಟ್ಟಿಗೆಗೆ ತಿಳಿಯುತ್ತದೆ. ಇದು ನಾನು ಪ್ರತಿ ವರ್ಷ ಹಲಗೆಯ ಮೇಲೆ ಬರೆದು ಹೇಳಿಕೊಡುವ ಪಾಠ.

"ಅಪ್ಪಾ," ಎಂದೆ, "ತಪ್ಪು ನಂದ ಇತ್ತು. ನಿನ್ನ ಬಟ್ಟಿಂದಲ್ಲ. ನೀ ಬರೋಬರಿನ ಒತ್ತಿದ್ದಿ."

ಅವನು ಗೋಡೆಗೆ ಮುಖ ತಿರುಗಿಸಿದ. ಅತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟು, "ಇರ್ಲಿ ಬಿಡವಾ, ಸಿಟ್ಟು ಇಳೀತೈತಿ," ಎಂದಳು. ಐದು ಗಂಟೆಯ ಬಸ್ಸಿಗೆ ಅವಳು ಹೋದಳು. ಬಸ್ ನಿಲ್ದಾಣದಿಂದ ನಾನು ನೇರ ಮನೆಗೆ ಬರಲಿಲ್ಲ. ಸಂತೆ ಮುಗಿದ ರಸ್ತೆಯಲ್ಲಿ ಸುಮ್ಮನೆ ಒಂದು ಸುತ್ತು ಹಾಕಿದೆ. ಏನು ಹೇಳಿದರೂ ಎದುರಾಡಲಾರದವನನ್ನು ಬೈದಿದ್ದೆ.

ಮುಂದಿನ ರವಿವಾರ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಒಳಗಿಂದ ನನ್ನ ದನಿ ಕೇಳಿತು: "ಕಿಟಕಿ ತೆಗಿ." ಒದ್ದೆ ಕೈಯಲ್ಲೇ ಓಡಿದೆ. ಅಪ್ಪ ಟ್ಯಾಬನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಕಿಟಕಿ ತೆಗೆದು ಅವನ ಪಕ್ಕದಲ್ಲಿ ಕೂತೆ. ಅವನು ಒಂದೊಂದೇ ಬಟನ್ ಒತ್ತುತ್ತ ಹೋದ. ಎಲ್ಲ ಚಿತ್ರಗಳೂ ಸರಾಗವಾಗಿ ಸರಿದವು. ಆದರೆ ಅವನು ಯಾವುದನ್ನೂ ಮುಟ್ಟಿ ಮಾತಾಡಿಸಲಿಲ್ಲ. ಕೊನೆಯವರೆಗೆ ಹೋದ, ಮತ್ತೆ ಮೊದಲಿಗೆ ಬಂದ, ಮತ್ತೆ ಕೊನೆಗೆ ಹೋದ. ಆಮೇಲೆ ನನ್ನ ಮುಖ ನೋಡಿದ.

"ನಿನಗ ಬೇಕಾದ್ದು ಇದರಾಗ ಇಲ್ಲೇನಪ್ಪಾ?" ಎಂದೆ.

ತಲೆಯಾಡಿಸಿದ. ಇಲ್ಲ.

"ತಿನ್ನೂದೇನು? ಯಾರನ್ನರೆ ಕರೀಬೇಕೇನು? ಊರಿಗೆ ಹೋಗೂದೇನು? ಅವ್ವಂದೇನು?"

ಯಾವುದೂ ಅಲ್ಲ. ಅರ್ಧ ಗಂಟೆ ಕೇಳಿದೆ. ಅವನು ದಣಿದು ಕಣ್ಣು ಮುಚ್ಚಿಕೊಂಡ.

ಅದು ಏನೆಂದು ಇವತ್ತಿಗೂ ನನಗೆ ಗೊತ್ತಾಗಿಲ್ಲ. ಸಿಟ್ಟೇನೂ ಉಳಿದಿಲ್ಲ, ನೀರು, ಫ್ಯಾನು ಎಲ್ಲವನ್ನೂ ಈಗ ಅದರಲ್ಲೇ ಕೇಳುತ್ತಾನೆ. ನಾನು ಹೊಳೆದಾಗಲೆಲ್ಲ ಹೊಸ ಚಿತ್ರ ಸೇರಿಸುತ್ತೇನೆ. ಅವನು ಅದರ ಬಟನ್ ಒತ್ತುತ್ತಾನೆ, ಚಿತ್ರ ತಡವಿಲ್ಲದೆ ಬರುತ್ತದೆ, ಸ್ವಲ್ಪ ಹೊತ್ತು ನೋಡಿ ಅಲ್ಲವೆಂದು ತಲೆಯಾಡಿಸುತ್ತಾನೆ. ಮೊನ್ನೆ ಕೃಷ್ಣಾ ಹೊಳೆಯ ಫೋಟೋ ಹಾಕಿದ್ದೆ. ಅದೂ ಅಲ್ಲ.