ಹತ್ತು ಲಕ್ಷದ ಒಂದು ಮತ್ತು ಒಂದು ಮೀಸೆ

ಮುದ್ರಣಾಲಯದ ಬೈಂಡಿಂಗ್ ಕೋಣೆಗೆ ಅವಳು ಮೊದಲ ದಿನ ಕಾಲಿಟ್ಟಾಗ ಕೈಯಲ್ಲಿ ಅಂಟಿನ ಡಬ್ಬಿ ಇತ್ತು. ಎಲ್ಲಿಡಬೇಕೆಂದು ಯಾರೂ ಹೇಳಿರಲಿಲ್ಲ. ಕಿಟಕಿಯ ಪಕ್ಕದ ಮೇಜಿನಲ್ಲಿ ಪೊದೆಮೀಸೆಯವನೊಬ್ಬ ಆಸ್ಪತ್ರೆಯ ಚೀಟಿಗಳಿಗೆ ನಂಬರ್ ಒತ್ತುತ್ತಿದ್ದ. ಟಕ್, ಟಕ್. ಶಾಯಿ ಹತ್ತಿ ಹೆಬ್ಬೆರಳು ನೇರಳೆಯಾಗಿತ್ತು. ತಟ್ಟನೆ ನಿಲ್ಲಿಸಿ ಚೀಟಿಯನ್ನು ಅವಳತ್ತ ತಿರುಗಿಸಿದ.

"ನೋಡು ತಂಗಿ, ಎರಡು ಸಾವಿರದ ಮೂರು. ಒಂಟಿಸಲಗ! ಒಂದು ಮತ್ತೆ ತಾನು ಬಿಟ್ರೆ ಇನ್ಯಾವುದರಿಂದಲೂ ಸರಿಯಾಗಿ ಭಾಗವಾಗಲ್ಲ." ಮುಂದಿನದನ್ನು ಒತ್ತಿದ. "ಇದು ಎರಡು ಸಾವಿರದ ನಾಲ್ಕು, ಸಂಸಾರಸ್ಥ. ಎರಡು, ಮೂರು, ನಾಲ್ಕು, ಆರು, ಹನ್ನೆರಡು... ಮನೆ ತುಂಬ ಜನ. ಡಬ್ಬಿ ಇಲ್ಲೇ ಇಡು."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅವಳಿಗೆ ಅವನು ಅಂದಿನಿಂದ 'ಅಣ್ಣ'. ಉಳಿದವರು ಅವನನ್ನು 'ಮೇಷ್ಟ್ರೇ' ಎನ್ನುವಾಗ ಅರ್ಧ ಗೇಲಿ, ಅರ್ಧ ಗೌರವ. ಆ ಅರ್ಧ ಗೌರವವೇ ಅವನ ಆಸ್ತಿ ಎಂದು ಅವಳಿಗೆ ಬೇಗ ತಿಳಿಯಿತು.

ಅವನ ಕಣ್ಣೆಲ್ಲ ಹತ್ತು ಲಕ್ಷದ ಒಂದರ ಮೇಲೆ. ನೂರರೊಳಗಿನ ಇಪ್ಪತ್ತೈದು ಒಂಟಿಸಲಗಗಳಿಂದಲೂ ಅದನ್ನು ಭಾಗಿಸಿ ನೋಡಿದ್ದ; ಅದು ಒಂದಕ್ಕೂ ಬಗ್ಗಿರಲಿಲ್ಲ. "ಇದನ್ನ ಒಡೆಯೋರು ಹುಟ್ಟಿಲ್ಲ. ಒಡೆದ್ರೆ ಮೀಸೆ ಬೋಳಿಸ್ತೀನಿ!" ಎನ್ನುತ್ತಿದ್ದ. ಆ ನಂಬರಿನ ಚೀಟಿ ಬಂದಾಗ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ಏರಿಸಲು ಯಜಮಾನರೂ ಒಪ್ಪಿದ್ದರು.

ನಾಲ್ಕು ವರ್ಷದ ಮೇಲೆ ಆ ದಿನ ಹತ್ತಿರ ಬಂತು. ಚೀಟಿ ಯಾವ ಪುಸ್ತಕದಲ್ಲಿ ಬರುತ್ತದೆಂದು ಗುರುತಿಡುವ ಕೆಲಸ ಅವಳದು. ಅಲ್ಲಿ ಪುಸ್ತಕಕ್ಕೆ ನೂರು ಚೀಟಿ, ಹಾಳಾದರೆ ಇರಲಿ ಎಂದು ಮೇಲೊಂದು. ಅದಕ್ಕೂ ನಂಬರ್ ಬೀಳುತ್ತಿತ್ತು. ಅವಳು ಲೆಕ್ಕ ಹಾಕಿದಳು. ಒಂಬತ್ತು ಸಾವಿರದ ಒಂಬೈನೂರ ಒಂದನೇ ಪುಸ್ತಕ. ಅದರ ಕಟ್ಟಕಡೆಯ ಚೀಟಿ. ಅಂದರೆ ನೂರಾ ಒಂದರಿಂದ ಅದು ಶೇಷವಿಲ್ಲದೆ ಭಾಗವಾಗುತ್ತದೆ! ಅಣ್ಣ ತೊಂಬತ್ತೇಳಕ್ಕೇ ಕೈಬಿಟ್ಟಿದ್ದ. ಅದರ ಮುಂದಿನ ಒಂಟಿಸಲಗವೇ ಬಾಗಿಲಲ್ಲಿ ನಿಂತಿತ್ತು.

ಹೇಳಿದರೆ ಅಣ್ಣನ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಗೋಡೆಯ ಮೇಲೆ ಸುಳ್ಳು ನೇತಾಡುತ್ತದೆ, ಅದರ ಕೆಳಗೆ ಕೂತು ದಿನವೂ ಹೊಲಿಯಬೇಕಾದವಳು ತಾನು. ಎರಡು ದಿನ ಸೂಜಿ ಬೆರಳಿಗೇ ಚುಚ್ಚಿತು. ಮೂರನೆಯ ದಿನ ಊಟದ ಹೊತ್ತಿನಲ್ಲಿ, ಕೋಣೆ ಖಾಲಿಯಿದ್ದಾಗ ಕೇಳಿದಳು.

"ಅಣ್ಣಾ, ನಮ್ಮ ಪುಸ್ತಕಕ್ಕೆ ಎಷ್ಟು ಚೀಟಿ?"

"ನೂರಾ ಒಂದು. ಏನು, ಇವತ್ತು ಕೆಲಸಕ್ಕೆ ಸೇರಿದವಳ ಹಾಗೆ ಕೇಳ್ತೀಯಲ್ಲ!"

ಅವಳು ಆಗಷ್ಟೇ ಹೊಲಿದ ಆ ಪುಸ್ತಕವನ್ನೇ ಮುಂದಿಟ್ಟು, ಹತ್ತು ಲಕ್ಷದ ಒಂದು ಬಿದ್ದ ಕೊನೆಯ ಚೀಟಿ ಎತ್ತಿ ತೋರಿಸಿದಳು. ಅವನು ಪುಸ್ತಕದ ಬೆನ್ನಿನ ಸಂಖ್ಯೆ ನೋಡಿದ. ರದ್ದಿಕಾಗದದ ಮೇಲೆ ಗುಣಿಸಿದ. ಇನ್ನೊಮ್ಮೆ ಗುಣಿಸಿದ.

"ನೂರು ದಾಟಿದ ಮೇಲೂ ಹುಡುಕ್ಬೇಕು ಅಂತ ನನಗ್ಯಾರೂ ಹೇಳ್ಕೊಡ್ಲಿಲ್ಲ ತಂಗಿ."

"ನಾನು ಯಾರಿಗೂ ಹೇಳಿಲ್ಲ ಅಣ್ಣಾ."

"ಮೀಸೆ ಕೇಳಿಸ್ಕೊಂಡುಬಿಡ್ತಲ್ಲ!"

ಮರುದಿನ ಬೋಳು ತುಟಿ ಹೊತ್ತು ಬಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೇ ಒಬ್ಬೊಬ್ಬರಿಗೂ ಗುಣಾಕಾರ ಬರೆದು ತೋರಿಸಿದ. ನೂರರ ಮೇಲಿನ ಹೆಚ್ಚಿನ ಚೀಟಿಯಾದ್ದರಿಂದ ಪುಸ್ತಕಕ್ಕೂ ಕೊರತೆಯಾಗಲಿಲ್ಲ, ಕಟ್ಟು ಗೋಡೆಗೇರಿತು. ಕೆಳಗೆ ಅವನದೇ ಅಕ್ಷರ: '101 × 9901. ಕಂಡುಹಿಡಿದವಳು ಬೈಂಡಿಂಗಿನ ತಂಗಿ.'

ಆ ಮುದ್ರಣಾಲಯ ಈಗಿಲ್ಲ. ಅಂಟಿನ ವಾಸನೆ ಎಲ್ಲಿ ಬಂದರೂ ಅವಳಿಗೆ ಟಕ್ ಟಕ್ ಕೇಳಿಸುತ್ತದೆ. ಅವನು ಮಗಳ ಮನೆಯ ಕಿಟಕಿಯ ಬಳಿ ಕೂತು, ದಿನಕ್ಕೊಂದು ದೊಡ್ಡ ಸಂಖ್ಯೆ ಹಿಡಿದು, ಸಾವಿರದೊಳಗಿನ ಒಂಟಿಸಲಗಗಳಿಂದ ಒಂದೊಂದಾಗಿ ಭಾಗಿಸುತ್ತಾನೆ.